ಪೈಲ್ವಾನರ ಹೆಬ್ಬೆರಳು

ನಮ್ಮ ಯಜಮಾನರ ಬಲಗೈ ಹೆಬ್ಬೆರಳು ಸಣ್ಣ ಮೂಲಂಗಿಯಷ್ಟು ದಪ್ಪ ಇದೆ. ಹುಟ್ಟುವಾಗ ಹಾಗಿರಲಿಲ್ಲವಂತೆ. ಗರಡಿಯ ಮಣ್ಣು ಮತ್ತು ಮೈಸೂರಿನ ನೀರಿನ ಕೊಳವೆಗಳು ಸೇರಿ ಅದನ್ನು ಹಾಗೆ ಮಾಡಿದವು. ಹೆಸರು ಚೆಲುವರಾಜು. ವರುಣಾ ಕಡೆಯ ಹಳ್ಳಿಯಿಂದ ಹನ್ನೆರಡನೇ ವಯಸ್ಸಿಗೆ ಸೋದರಮಾವನ ಮನೆಗೆ ಬಂದವರು, ಓದಲು ಅಂತ ಕಳಿಸಿದರೆ ಗರಡಿಗೆ ಸೇರಿಕೊಂಡರು. ಆಮೇಲೆ ನೀರು ಸರಬರಾಜಿನ ಕೆಲಸ ಸಿಕ್ಕಿತು. ಮೂವತ್ತೈದು ವರ್ಷ, ಕಬ್ಬಿಣದ ಉದ್ದನೆಯ ಕೀಲಿ ಹೆಗಲ ಮೇಲೆ ಹೊತ್ತು ಸೈಕಲ್ಲಿನಲ್ಲಿ ಓಡಾಡಿ, ಸರಸ್ವತಿಪುರಂನ ಅಡ್ಡರಸ್ತೆಗಳಿಗೆ ನೀರು ಬಿಟ್ಟರು, ನಿಲ್ಲಿಸಿದರು. ಇಲ್ಲಿನ ಜನಕ್ಕೆ ಅವರು ಇವತ್ತಿಗೂ ನೀರಿನ ಪೈಲ್ವಾನ್ರು.

ಕುಸ್ತಿಯಲ್ಲಿ ದೊಡ್ಡ ಹೆಸರೇನೂ ಮಾಡಲಿಲ್ಲ. ಗೆದ್ದದ್ದೆಷ್ಟೋ ಸೋತದ್ದೂ ಅಷ್ಟೇ. ಯಾರಾದರೂ ಕೇಳಿದರೆ ಸೋತದ್ದನ್ನೇ ಮೊದಲು ಹೇಳುತ್ತಾರೆ. ಗೆದ್ದ ಕತೆಗೆ ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ.

ನಾನು ವಸಂತಮ್ಮ, ಅವರ ಹೆಂಡತಿ. ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿದ್ದೆ. ತಪ್ಪು ಕಂಡರೆ ಕೆಂಪು ಶಾಯಿ ಹುಡುಕುವ ಚಾಳಿ ಇನ್ನೂ ಬಿಟ್ಟಿಲ್ಲ. ಊರಿನ ಮಕ್ಕಳನ್ನೆಲ್ಲ ತಿದ್ದಿದೆ, ಇವರನ್ನು ತಿದ್ದುವುದು ಮಾತ್ರ ನಲವತ್ತೊಂದು ವರ್ಷದಿಂದ ಹಾಗೇ ಉಳಿದಿದೆ.

ನಿವೃತ್ತಿಯಾದ ಮೇಲೆ ಅವರು ಬೆಳಿಗ್ಗೆ ಜಗುಲಿಯ ಮೇಲೆ ಕೂತು ಬಂದವರ ಉಳುಕು ತೆಗೆಯುತ್ತಾರೆ. ಕತ್ತು, ಸೊಂಟ, ಕಣಕಾಲು ಯಾವುದಾದರೂ ಸರಿ. ಕಾಸು ತೆಗೆದುಕೊಳ್ಳುವುದಿಲ್ಲ. ಎಣ್ಣೆ ಮಾತ್ರ ನಮ್ಮ ಅಡುಗೆಮನೆಯದು, ಅದಕ್ಕೇ ನನಗೆ ಸಿಟ್ಟು. ಒಂದು ಸಲ ಗೋಕುಲಂನಿಂದ ಪರದೇಶದ ಬಿಳಿಯ ಹುಡುಗನೊಬ್ಬ ಯೋಗ ಮಾಡಲು ಹೋಗಿ ಕತ್ತು ಸೊಟ್ಟ ಮಾಡಿಕೊಂಡು ಬಂದಿದ್ದ. ಇವರು ಕತ್ತು ನೇರ ಮಾಡಿ, ನಾಲ್ಕು ದಿನ ಸುಮ್ಮನೆ ಕೂತ್ಕೊಳಪ್ಪ ಅಂತ ಕನ್ನಡದಲ್ಲೇ ಹೇಳಿ ಕಳಿಸಿದರು. ಅವನಿಗೆ ಅರ್ಥವಾಯಿತೋ ಇಲ್ಲವೋ, ಕೈ ಮುಗಿದು ಹೋದ.

ಹೋದ ಚಳಿಗಾಲದಲ್ಲಿ ವರ್ಷಿಣಿ ಬಂದದ್ದೂ ಹೀಗೆಯೇ. ಇಪ್ಪತ್ತೈದರ ಹುಡುಗಿ. ನಮ್ಮ ಮುಂದಿನ ಕ್ರಾಸಿನಲ್ಲಿ ಒಂದು ಟ್ಯುಟೋರಿಯಲ್ ಇದೆ, ಅದರ ಮೇಲಿನ ಮಹಡಿಯಲ್ಲಿ ಏಳೆಂಟು ಜನರ ಕಂಪನಿ. ಅಲ್ಲಿ ಅವಳಿಗೆ ಕೆಲಸ. ಹೆಬ್ಬೆರಳಿನ ಬುಡ ಊದಿಕೊಂಡಿತ್ತು.

ಇವರು ಎಣ್ಣೆ ಸವರುತ್ತಾ ಕೇಳಿದರು. "ಬೆರಳಿಗೆ ಇಂಗಾಗೋಕೆ ಏನ್ ಕೆಲ್ಸ ಮಾಡ್ತೀಯವ್ವ? ಹೊಲಿಗೆನಾ?"

"ಗೇಮ್ ಮಾಡ್ತೀವಿ ಅಂಕಲ್. ಫೋನಲ್ಲಿ ಆಡೋದು. ಹೊಡೆದಾಟದ ಗೇಮು."

"ಹೊಡೆದಾಟನಾ?" ಅಂದವರೇ ಬೆರಳು ಬಿಟ್ಟು ಅವಳ ಮುಖ ನೋಡಿದರು. ಅಲ್ಲಿಂದ ಶುರುವಾಯಿತು.

ಆಟದ ಹೆಸರು ಏಳು ಬಾಗಿಲ ಕೋಟೆ. ಒಬ್ಬ ವೀರ ಕೋಟೆ ಹತ್ತಬೇಕು, ಬಾಗಿಲಿಗೊಬ್ಬ ಕಾವಲಿನ ಭಟ. ಗುಂಡಿಗಳೆಲ್ಲ ಗಾಜಿನ ಮೇಲೆ ಬರೆದ ಚಿತ್ರಗಳು. ಎಡಗೈ ಹೆಬ್ಬೆರಳಿನಿಂದ ವೀರನನ್ನು ನಡೆಸಬೇಕು, ಬಲಗೈ ಹೆಬ್ಬೆರಳಿನಿಂದ ಹೊಡೆಸಬೇಕು. ಬೆರಳಿಗೂ ಆ ವೀರನಿಗೂ ಹೊಂದಾಣಿಕೆ ಕೂಡಿಸುವುದು ವರ್ಷಿಣಿಯ ಕೆಲಸ, ಒಂದು ವರ್ಷದಿಂದ ಅದೊಂದನ್ನೇ ಮಾಡುತ್ತಿದ್ದಳು. ಆಟವನ್ನು ಊರಿಗೆಲ್ಲ ಬಿಡುಗಡೆ ಮಾಡಬೇಕಾದ ದೊಡ್ಡ ಕಂಪನಿಯವರಿಗೆ ಮಾತ್ರ ನಂಬಿಕೆ ಇರಲಿಲ್ಲ. ಗಾಜಿನ ಮೇಲೆ ಕಾಳಗ ಆಗುವುದಿಲ್ಲ, ಕಣ್ಣು ಬೆರಳನ್ನು ನೋಡುತ್ತೋ ಎದುರಾಳಿಯನ್ನು ನೋಡುತ್ತೋ, ಇದನ್ನೆಲ್ಲ ತೆಗೆದು ಒಂದು ಸಲ ಮುಟ್ಟಿದರೆ ವೀರ ತಾನೇ ಹೊಡೆದಾಡಿಕೊಂಡು ಹೋಗುವ ಹಾಗೆ ಮಾಡಿ, ಅಂದಿದ್ದರು. ಹಾಗೆ ಮಾಡಿದರೆ ವರ್ಷಿಣಿಯ ವರ್ಷದ ಕೆಲಸ ತಿಪ್ಪೆಗೆ, ಅವಳೂ ಮನೆಗೆ. ಕೊನೆಗೆ ಆ ಕಂಪನಿಯ ಹೆಂಗಸೊಬ್ಬರು ಒಂದು ಅವಕಾಶ ಕೊಟ್ಟಿದ್ದರು. ಅರವತ್ತು ದಾಟಿದ, ಯಾವ ಗೇಮನ್ನೂ ಮುಟ್ಟದ ಒಬ್ಬರಿಗೆ ಒಂದು ವಾರ ಕಲಿಸಿ, ನಾನು ಬಂದು ನೋಡುತ್ತೇನೆ, ಅವರು ಮೊದಲ ಮೂರು ಬಾಗಿಲು ದಾಟಿದರೆ ನಿಮ್ಮ ಬೆರಳಾಟ ಉಳಿಯುತ್ತದೆ, ಅಂತ.

ಇಷ್ಟನ್ನೂ ಹುಡುಗಿ ಬೆರಳು ನೀವಿಸಿಕೊಳ್ಳುತ್ತಲೇ ಹೇಳಿದಳು. ಹೇಳಿ ಮುಗಿಸಿ ನನ್ನ ಮುಖ ನೋಡಿದಳು. ಅರವತ್ತು ದಾಟಿದವರು ಸಿಗಲಿ ಅಂತ ಆಸೆ.

"ನನ್ನ ನೋಡಬೇಡ ಕಣಮ್ಮ, ನನಗೆ ಅವರೆಕಾಯಿ ಸುಲಿಯೋದಿದೆ," ಅಂದೆ.

"ನಾನ್ ಆಡ್ತೀನಿ ಬುಡವ್ವ," ಅಂದರು ಇವರು.

ಎಣ್ಣೆಗೈಯಲ್ಲೇ ಫೋನು ಹಿಡಿಯಲು ಹೋದರು, ನಾನು ಬೈದೆ. ಎದ್ದು ಬಚ್ಚಲಿಗೆ ಹೋದವರು ಹತ್ತು ನಿಮಿಷವಾದರೂ ಬರಲಿಲ್ಲ. ಬಂದಾಗ ನೋಡಿದರೆ ತಲೆಯಿಂದ ನೀರು ಇಳಿಯುತ್ತಿದೆ, ಪೂರ್ತಿ ಸ್ನಾನವೇ ಆಗಿದೆ. ಗರಡಿಗೆ ಇಳಿಯುವ ಮೊದಲು ಮೀಯುವುದು ಅವರ ಪದ್ಧತಿ. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ಫೋನನ್ನು ಎದುರಿಗಿಟ್ಟು, ನೆಲ ಮುಟ್ಟಿ ಹಣೆಗೊತ್ತಿಕೊಂಡು, ತೊಡೆ ತಟ್ಟಿದರು. ವರ್ಷಿಣಿ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ಮೊದಲ ದಿನದ ಕಾಳಗವನ್ನು ಏನಂತ ಹೇಳಲಿ. ಇವರು ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟರೆ ಹೊಡೆಯುವ ಗುಂಡಿ, ಹಾರುವ ಗುಂಡಿ ಎರಡೂ ಅದರಡಿ ಮುಚ್ಚಿಹೋಗುತ್ತಿದ್ದವು. ಭಟ ಕತ್ತಿ ಹಿರಿದು ಬಂದರೆ ನಮ್ಮ ವೀರ ಅವನೆದುರು ಕುಣಿಯುತ್ತಿದ್ದ. ಏಟು ಬೀಳುವಾಗ ಇವರೇ ಪಕ್ಕಕ್ಕೆ ವಾಲುತ್ತಿದ್ದರು, ವೀರ ಅಲ್ಲೇ ನಿಂತಿರುತ್ತಿದ್ದ. ಮೂರನೇ ಸಲ ವಾಲಿದಾಗ ನನ್ನ ಕಾಫಿ ಲೋಟ ಉರುಳಿತು.

"ಹೇಗನ್ನಿಸ್ತು ಅಂಕಲ್?" ಅಂತ ವರ್ಷಿಣಿ ಪುಸ್ತಕ ತೆರೆದಳು. ಹೊಸಬರಿಗೆ ಮೊದಲು ಅನ್ನಿಸಿದ್ದನ್ನೆಲ್ಲ ಬರೆದುಕೊಳ್ಳಬೇಕಂತೆ. ಆವರೆಗೆ ಅವಳು ಕೇಳಿದವರೆಲ್ಲ ಚೆನ್ನಾಗಿದೆ ಕಣಮ್ಮ, ತುಂಬ ಚೆನ್ನಾಗಿದೆ, ಅಂತ ಹೇಳಿ ಕಳಿಸಿದ್ದರಂತೆ. ನಮ್ಮೂರಿನ ಮರ್ಯಾದೆಯಿಂದ ಆಗುವ ನಷ್ಟ ಒಂದೆರಡಲ್ಲ.

"ಇಡಿತಾನೇ ಸಿಕ್ಕಾಕಿಲ್ಲ ಕಣವ್ವ," ಅಂದರು ಇವರು. "ಎದುರಾಳಿ ಎಷ್ಟೇ ಬೆವರಿರ್ಲಿ, ಎಲ್ಲೋ ಒಂದ್ಕಡೆ ಕೈಗೆ ಸಿಗ್ತಾನೆ. ಇದು ಬರೀ ಗಾಜು. ಎಲ್ಲಿ ಮುಟ್ಟಿದ್ರೂ ಒಂದೇ ತರ ಅದೆ."

ಹುಡುಗಿ ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. ಮಾರನೇ ದಿನ ಗುಂಡಿಗಳನ್ನು ದೊಡ್ಡದು ಮಾಡಿಕೊಂಡು ಬಂದಳು. ಈಗ ಏಟು ಬೀಳತೊಡಗಿತು. ನಾಲ್ಕೇ ಏಟಿಗೆ ಮೊದಲ ಬಾಗಿಲಿನ ಭಟ ನೆಲಕ್ಕೆ ಬಿದ್ದ. ಭಟ ಬಿದ್ದಾಗ ಗಾಜಿನ ಮೂಲೆಯಲ್ಲಿ ಕೆಂಪು ಗುಂಡಿಯೊಂದು ಮೂಡುತ್ತದೆ, ಅದನ್ನು ಒತ್ತಿದರೆ ಕೊನೆಯ ಏಟು, ಬಾಗಿಲು ತೆರೆಯುತ್ತದೆ. ಇವರು ಒತ್ತಲಿಲ್ಲ. ಎಡಗೈ ಹೆಬ್ಬೆರಳಿನಿಂದ ವೀರನನ್ನು ನಾಜೂಕಾಗಿ ಎರಡು ಹೆಜ್ಜೆ ಹಿಂದಕ್ಕೆ ಕರೆದುಕೊಂಡರು. ಭಟ ಎದ್ದ, ಕತ್ತಿಯಿಂದ ಚುಚ್ಚಿದ. ವೀರ ಸತ್ತ. ಅವತ್ತು ಹೀಗೆ ಹನ್ನೊಂದು ಸಲ ಸತ್ತ.

ಗುಂಡಿ ಇವರಿಗೆ ಕಾಣುತ್ತಿಲ್ಲ ಅಂತ ವರ್ಷಿಣಿ ತೀರ್ಮಾನಿಸಿದಳು. ಮೂರನೇ ದಿನ ಕೆಂಪು ಗುಂಡಿ ಇಡ್ಲಿಯಷ್ಟಾಯಿತು. ಇವರು ಹಿಂದೆ ಸರಿದರು, ವೀರ ಸತ್ತ. ನಾಲ್ಕನೇ ದಿನ ಗುಂಡಿ ಮಿಣಿಮಿಣಿ ಮಿಂಚತೊಡಗಿತು, ಸಾಲದ್ದಕ್ಕೆ ಫೋನೇ ಕೈಯಲ್ಲಿ ನಡುಗತೊಡಗಿತು. ಅದರ ನಡುಕಕ್ಕೆ ಇವರು ಇನ್ನೊಂದು ಹೆಜ್ಜೆ ಹೆಚ್ಚಿಗೆ ಹಿಂದೆ ಸರಿದರು. ಹುಡುಗಿಯ ಕಣ್ಣಡಿ ಕಪ್ಪಾಗಿತ್ತು. ಪುಸ್ತಕದಲ್ಲಿ ಬರೆದದ್ದೆಲ್ಲ ಹೊಡೆದುಹಾಕುತ್ತಿದ್ದಳು. ನನ್ನ ಕೈಯಲ್ಲಿ ಇನ್ನು ತಡೆಯಲಾಗಲಿಲ್ಲ.

"ಅಲ್ಲ ಕಣಮ್ಮ, ಗುಂಡಿ ಅವರಿಗೆ ಮೊದಲಿನಿಂದಲೂ ಕಾಣ್ತಾ ಇದೆ," ಅಂದೆ. "ಅವರು ಬಿದ್ದವರನ್ನ ಹೊಡೆಯೋದಿಲ್ಲ, ಅಷ್ಟೇ. ಎದ್ದೇಳ್ಲಿ ಅಂತ ಕಾಯ್ತಾ ಇದ್ದಾರೆ."

ವರ್ಷಿಣಿ ಪೆನ್ನು ಕೆಳಗಿಟ್ಟಳು. "ಹೌದಾ ಅಂಕಲ್?"

"ಊ ಕಣವ್ವ. ಅವ್ನ್ ಆಗ್ಲೇ ಬಿದ್ದೋಗವ್ನಲ್ವಾ," ಅಂದರು ಇವರು, ಇದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ.

ನಾಲ್ಕು ದಿನದ ಕೆಲಸ ನೀರುಪಾಲಾಗಿತ್ತು. ಹುಡುಗಿ ಅಳುತ್ತಾಳೇನೋ ಅಂದುಕೊಂಡೆ, ಅವಳು ನಗತೊಡಗಿದಳು. ನಕ್ಕು ನಕ್ಕು ಆಮೇಲೆ ಸ್ವಲ್ಪ ಅತ್ತಳು. ನನಗೆ ಇವರ ಮೇಲೆ ಸಿಟ್ಟು ಬಂತು.

"ಗೊಂಬೆ ಕಣ್ರೀ ಅದು. ಬಣ್ಣದ ಗೊಂಬೆ. ಹೊಡೆದರೆ ಅದಕ್ಕೇನು ನೋವಾಗುತ್ತಾ?"

"ಗೊಂಬೆ ಅಂತ ನಂಗೊತ್ತಿಲ್ವಾ ವಸಂತ. ನನ್ ಬೆರಳು ಗೊಂಬೆ ಅಲ್ವಲ್ಲ," ಅಂದರು.

ಆಮೇಲೆ ಅವರು ಹೇಳಿದ್ದನ್ನು ನಾನೂ ಮೊದಲ ಸಲ ಕೇಳಿದ್ದು. ಹದಿನಾಲ್ಕು ವರ್ಷದವರಿದ್ದಾಗ ಗರಡಿಯಲ್ಲಿ ಜೊತೆಯವನೊಬ್ಬನನ್ನು ಬೀಳಿಸಿ, ಬಿದ್ದ ಮೇಲೂ ಸಿಟ್ಟಿಗೆ ಅವನ ಕೈ ತಿರುಚಿದ್ದರಂತೆ. ಅವರ ಉಸ್ತಾದರು ಚಿಕ್ಕಬಸವಯ್ಯನವರು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಆ ಹುಡುಗನನ್ನು ಇವರ ಬೆನ್ನ ಮೇಲೆ ಹೊರಿಸಿ ಚಾಮರಾಜಪುರಂನ ಅವನ ಮನೆವರೆಗೆ ನಡೆಸಿದರಂತೆ. ಕೈ ನೆಟ್ಟಗಾಗುವ ತನಕ ದಿನಾ ಹೋಗಿ ಎಣ್ಣೆ ತಿಕ್ಕಬೇಕು ಅಂತ ಅಪ್ಪಣೆ. ಒಂದೂವರೆ ತಿಂಗಳು ತಿಕ್ಕಿದರಂತೆ. ಇವರು ಉಳುಕು ತೆಗೆಯುವುದನ್ನು ಕಲಿತದ್ದೇ ಹಾಗೆ. ನಾನು ಇಷ್ಟು ವರ್ಷ ಅದು ಮನೆತನದ ವಿದ್ಯೆ ಅಂತ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಉಳಿದಿದ್ದದ್ದು ಮೂರು ದಿನ. ಬೇರೆ ಯಾರನ್ನಾದರೂ ಹುಡುಕಿಕೋ ಅಂತ ನಾನೇ ವರ್ಷಿಣಿಗೆ ಹೇಳಿದೆ, ಅವಳು ಬೇಡ ಅಂದಳು. "ಅಂಕಲ್, ನಾನು ಒಂದು ಪಟ್ಟು ಇಟ್ಟಿದ್ದೀನಿ, ಯಾರೂ ಬಳಸೋದಿಲ್ಲ," ಅಂದಳು. "ಎಲ್ರೂ ಸುಮ್ನೆ ಕುಟ್ಟುತಾ ಹೋಗ್ತಾರೆ."

ಎದುರಾಳಿ ನಿಂತಿರುವಾಗ ಎರಡೂ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿ ಒಟ್ಟಿಗೆ ತರಬೇಕು. ಆಗ ವೀರ ಅವನ ಸೊಂಟ ಹಿಡಿಯುತ್ತಾನೆ. ಬೆರಳನ್ನು ಬಿಡದೆ ಪಕ್ಕಕ್ಕೆ ಎಳೆದರೆ ಎತ್ತಿ ಒಗೆಯುತ್ತಾನೆ. ಬೆರಳು ಒಂದಿಷ್ಟು ಸಡಿಲವಾದರೂ ಎದುರಾಳಿ ಜಾರಿಕೊಳ್ಳುತ್ತಾನೆ. ಮೊದಲ ಎರಡು ಬಾಗಿಲಿನ ಭಟರನ್ನು ಹಾಗೆ ಎತ್ತಿದರೆ ನೇರ ಕಂದಕದ ನೀರಿಗೆ ಬೀಳುತ್ತಾರೆ, ಈಜಿಕೊಂಡು ಹೋಗುತ್ತಾರೆ, ಕೆಂಪು ಗುಂಡಿಯ ಹಂಗಿಲ್ಲ.

ಇವರು ಎರಡು ಹೆಬ್ಬೆರಳು ಒತ್ತಿ ಹತ್ತಿರ ತಂದರು. ವೀರ ಭಟನ ಸೊಂಟ ಹಿಡಿದ. ಇವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡು ಎಷ್ಟೋ ವರ್ಷವಾಗಿತ್ತು.

"ಈಗ್ ಸಿಕ್ತು ನೋಡವ್ವ ಇಡಿತ," ಅಂದರು.

ಆಮೇಲಿನ ಎರಡು ದಿನ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಉಳುಕಿದ ಕಾಲು ಎತ್ತಿಕೊಂಡು ಬಂದವರು ಜಗುಲಿಯ ಮೇಲೆ ಕಾಯುತ್ತಾ ಕೂತು, ಕೊನೆಗೆ ತಾವೂ ಬಗ್ಗಿ ನೋಡಿ ಸಲಹೆ ಕೊಡತೊಡಗಿದರು. ಪಕ್ಕದ ಮನೆಯ ಗಿರಿಜಾಂಬಾ ಹಾಲು ಒಲೆಯ ಮೇಲಿಟ್ಟು ಬಂದು ನಿಂತು ಉಕ್ಕಿಸಿಕೊಂಡರು. ಇವರು ಮೊದಲ ಬಾಗಿಲು ದಾಟಿದರು, ಎರಡನೆಯದನ್ನೂ ಒಂದು ಸಲ ದಾಟಿದರು, ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ಮೂರನೇ ಬಾಗಿಲಿನವನನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ನೋಡಲಿಲ್ಲ. ಅವನು ಆನೆಯಂಥವನು, ಅಲ್ಲಿ ಕಂದಕ ಇಲ್ಲ, ಬೀಳಿಸಿದ ಮೇಲೆ ಕೆಂಪು ಗುಂಡಿ ಒತ್ತಲೇಬೇಕು, ಅಂತ ವರ್ಷಿಣಿ ಮೊದಲೇ ತಿಳಿಸಿದ್ದಳು. ನಿಯಮ ಬದಲಿಸಲು ಈಗ ಹೊತ್ತಿಲ್ಲ ಅಂದಳು.

"ಒಂದೇ ಒಂದು ಸಲ ಅಂಕಲ್. ಪ್ಲೀಸ್."

"ನೋಡವ ಬುಡವ್ವ," ಅಂದರು. ನೋಡುವ ಬಿಡು ಅಂದರೆ ಇಲ್ಲ ಅಂತ ಅರ್ಥ. ಅದು ನನಗೆ ಗೊತ್ತಿತ್ತು, ಹುಡುಗಿಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟರು. ನನ್ನನ್ನು ಯಾರೂ ಕರೆದಿರಲಿಲ್ಲ, ನಾನೂ ಹೋದೆ. ಕೆಳಗೆ ಟ್ಯುಟೋರಿಯಲ್ಲಿನಲ್ಲಿ ಮಕ್ಕಳು ಒಕ್ಕೊರಲಿನಿಂದ ಏನನ್ನೋ ಒಪ್ಪಿಸುತ್ತಿದ್ದರು. ಮೇಲೆ ಒಂದು ಕೋಣೆ. ಕಂಪನಿಯ ಯಜಮಾನ ಪ್ರೇಮ್‌ಕುಮಾರ್ ಅನ್ನುವ ಹುಡುಗ ನಿಮಿಷಕ್ಕೊಂದು ಸಲ ನೀರು ಕುಡಿಯುತ್ತಿದ್ದ. ದೊಡ್ಡ ಕಂಪನಿಯಿಂದ ಬಂದವರ ಹೆಸರು ಸಂಘಮಿತ್ರ. ಐವತ್ತರ ಹತ್ತಿರದವರು, ಕನ್ನಡಕ, ಮಾತು ಕಡಿಮೆ. ಇವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದದ್ದನ್ನು, ಕುರ್ಚಿ ಬೇಡ ಅಂತ ನೆಲದ ಮೇಲೆ ಕೂತದ್ದನ್ನು, ನೆಲ ಮುಟ್ಟಿ ಹಣೆಗೊತ್ತಿಕೊಂಡದ್ದನ್ನು ಸುಮ್ಮನೆ ನೋಡಿದರು. ತೊಡೆ ತಟ್ಟಿದಾಗ ಮಾತ್ರ ಒಂದು ಸಲ ಬೆಚ್ಚಿದರು.

ಮೊದಲನೆಯವನು ಹೋಗಿ ಕಂದಕಕ್ಕೆ ಬಿದ್ದ. ಎರಡನೆಯವನು ಎರಡು ಸಲ ಜಾರಿಕೊಂಡು ಮೂರನೇ ಸಲ ಬಿದ್ದ. ಮೂರನೇ ಬಾಗಿಲು ಎದುರಿಗೆ ಬಂತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಮಗೂ ಎಲ್ಲ ಕಾಣುತ್ತಿತ್ತು. ಆನೆಯಂಥವನು ಗದೆ ಬೀಸಿಕೊಂಡು ಬಂದ. ಇವರು ತಪ್ಪಿಸಿಕೊಂಡರು, ಸುತ್ತಿ ಬಂದರು, ಕಾದರು. ಅವನು ಗದೆ ಎತ್ತಿದ ಗಳಿಗೆಯಲ್ಲಿ ಎರಡು ಹೆಬ್ಬೆರಳೂ ಗಾಜಿನ ಮೇಲೆ ಕೂತವು, ಹತ್ತಿರ ಬಂದವು, ಬಿಡದೆ ಎಳೆದವು. ಅವನು ಬೆನ್ನು ಕೆಳಗಾಗಿ ದೊಪ್ಪನೆ ಬಿದ್ದ. ಪ್ರೇಮ್‌ಕುಮಾರ್ ನೀರಿನ ಬಾಟಲಿ ಹಿಡಿದವನು ಹಾಗೇ ನಿಂತ. ಪರದೆಯ ಮೂಲೆಯಲ್ಲಿ ಕೆಂಪು ಗುಂಡಿ ಮಿಂಚತೊಡಗಿತು.

ಇವರು ಎರಡೂ ಕೈಯಿಂದ ಫೋನನ್ನು ನೆಲದ ಮೇಲಿಟ್ಟು ಕೈ ಮುಗಿದರು.

"ಇನ್ನೂ ಮುಗಿದಿಲ್ಲ ಸರ್," ಅಂದರು ಸಂಘಮಿತ್ರ.

"ಮುಗೀತಲ್ಲ ತಾಯಿ. ಎರಡೂ ಭುಜ ನೆಲ ಮುಟ್ಟಿದ್ವು."

ನಿಜ ಹೇಳುತ್ತೇನೆ, ನಾನೇ ಹೋಗಿ ಆ ಗುಂಡಿ ಒತ್ತಿಬಿಡೋಣ ಅನ್ನಿಸಿತು. ಕೈ ಮುಂದಕ್ಕೆ ಹೋಗಿಯೂ ಇತ್ತು. ಅಷ್ಟರಲ್ಲಿ ಆನೆಯಂಥವನು ಎದ್ದು, ಸುಮ್ಮನೆ ನಿಂತಿದ್ದ ವೀರನನ್ನು ಒಂದೇ ಏಟಿಗೆ ಮುಗಿಸಿದ. ನೀವು ಸೋತಿರಿ ಅಂತ ಪರದೆಯ ತುಂಬ ಬಂತು. ವರ್ಷಿಣಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಒಂದು ವರ್ಷದ ಕೆಲಸ, ಒಂದು ಬೆರಳು ಮುಟ್ಟಿಸಿದ್ದರೆ ಉಳಿಯುತ್ತಿತ್ತು.

ಮೊದಲು ಮಾತಾಡಿದ್ದು ಅವಳೇ. "ಮೇಡಂ, ಅವರು ಆಡಿದ್ದು ಸರಿ. ತಪ್ಪು ನಂದು," ಅಂದಳು. "ಪಟ್ಟು ಹಾಕಿ ಬೆನ್ನು ಬೀಳಿಸಿದ ಮೇಲೂ ಇನ್ನೊಂದು ಏಟು ಯಾಕೆ ಕೇಳಬೇಕಿತ್ತು. ನಾನು ಅದನ್ನ ಯೋಚನೆನೇ ಮಾಡಿರಲಿಲ್ಲ. ನೀವು ಏನು ತೀರ್ಮಾನ ಮಾಡ್ತೀರೋ ಮಾಡಿ, ಆದರೆ ಇವರು ಸೋತರು ಅಂತ ಬರೀಬೇಡಿ."

ಸಂಘಮಿತ್ರ ಇವರ ಕಡೆಗೆ ತಿರುಗಿದರು. "ಬೆರಳಿಗೆ ಕಷ್ಟ ಆಯ್ತಾ ಸರ್?"

"ಮೊದಮೊದ್ಲು ಆಯ್ತು ತಾಯಿ. ಗಾಜಲ್ವಾ, ಗುಂಡಿ ಎಲ್ಲದೆ ಅಂತ ಬಗ್ಗಿ ಬಗ್ಗಿ ನೋಡ್ತಿದ್ದೆ. ಈಗ್ ಎರಡ್ ದಿನದಿಂದ ನೋಡಾದು ಬುಟ್ಬುಟ್ಟೆ. ಬೆರಳೇ ಓಗಿ ಕೂತ್ಕತದೆ. ಕಣ್ಣೆಲ್ಲ ಅವ್ನ್ ಮ್ಯಾಗೇ ಇರ್ತದೆ."

ಸಂಘಮಿತ್ರ ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಅದನ್ನೇ ನೋಡ್ತಾ ಕೂತಿದ್ದೆ," ಅಂದರು ವರ್ಷಿಣಿಗೆ. "ಇಪ್ಪತ್ತು ನಿಮಿಷದಲ್ಲಿ ಅವರು ಒಂದು ಸಲಾನೂ ತಮ್ಮ ಬೆರಳು ನೋಡ್ಕೊಳ್ಳಲಿಲ್ಲ. ಬಾಗಿಲಿನ ಲೆಕ್ಕ ಇರಲಿ, ನನಗೆ ಬೇಕಾಗಿದ್ದದ್ದು ಇಷ್ಟೇ. ನಿಮ್ಮ ಬೆರಳಾಟ ಹೀಗೇ ಇರಲಿ. ಆ ಕೆಂಪು ಗುಂಡಿ ಮಾತ್ರ ತೆಗೆದುಬಿಡಿ."

ವರ್ಷಿಣಿ ಓಡಿಬಂದು ಇವರ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ತನ್ನ ಹೆಬ್ಬೆರಳು ತೋರಿಸಿ, "ಊತ ಇಳಿದಿದೆ ಅಂಕಲ್," ಅಂದಳು. ಇವರು ಅದನ್ನು ಒತ್ತಿ ನೋಡಿ, ಇನ್ನೊಂದೆರಡು ದಿನ ಎಣ್ಣೆ ಹಾಕಬೇಕು ಅಂದರು. ನನಗೆ ಅವತ್ತು ಇವರ ಮೇಲೆ ಬಂದಷ್ಟು ಹೆಮ್ಮೆ ಮದುವೆಯಾದಂದಿನಿಂದ ಬಂದಿರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವರಿಗೆ ಮಾತ್ರ ಹೇಳಿಲ್ಲ.

ಹೇಳುವ ಬದಲು ದಾರಿಯುದ್ದಕ್ಕೂ ಬೈದೆ. ಆ ಯಮ್ಮ ಒಳ್ಳೆಯವರಾಗಿದ್ದಕ್ಕೆ ಸರಿಹೋಯಿತು, ಇಲ್ಲದಿದ್ದರೆ ಹುಡುಗಿಯ ಕೆಲಸದ ಗತಿ ಏನು, ಒಂದು ಗುಂಡಿ ಒತ್ತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ನಿಮ್ಮ ಉಸ್ತಾದರು ಮೇಲಿನಿಂದ ನೋಡುತ್ತಾ ಕೂತಿದ್ದರಾ, ಅಂತ ಒಂದೇ ಸಮನೆ. ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ನಮ್ಮ ಕ್ರಾಸಿನ ಏರು ಹತ್ತುವಾಗ ನನಗೆ ಏದುಸಿರು ಬಂದು ಮಾತು ನಿಂತುಹೋಯಿತು. ಒಂದು ಕಾಂಪೌಂಡಿನ ಗೋಡೆ ಹಿಡಿದು ನಿಂತೆ. ಆಗ ನನ್ನನ್ನು ಬೈಯಲು, ಒಂದು ಮಾತು ತಿರುಗಿಸಿ ಆಡಲು ಅವರಿಗೆ ಒಳ್ಳೆಯ ಸಮಯ. ಅವರು ಎರಡು ಹೆಜ್ಜೆ ಆಚೆ ಸರಿದು, ಕೈ ಇಳಿಬಿಟ್ಟುಕೊಂಡು, ನನ್ನ ಉಸಿರು ಸರಿಹೋಗುವುದನ್ನೇ ನೋಡುತ್ತಾ ನಿಂತರು. ನಲವತ್ತೊಂದು ವರ್ಷದ ಜಗಳಗಳಲ್ಲಿ ನನಗೆ ಮಾತು ಮುಗಿದಾಗಲೆಲ್ಲ ಅವರು ಹೀಗೆಯೇ ನಿಂತದ್ದು ನೆನಪಾಯಿತು. ಹೆದರಿ ಸುಮ್ಮನಾಗುತ್ತಾರೆ ಅಂತ ನಾನು ತಿಳಿದುಕೊಂಡಿದ್ದೆ.

ಉಸಿರು ಬಂತು. ಸೆರಗು ಸರಿಮಾಡಿಕೊಂಡು, ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದಲೇ ಮತ್ತೆ ಶುರು ಮಾಡಿದೆ.